ಕೆರಿಚೊದಲ್ಲಿ ಮುದ್ದೆ ನುಂಗಿದ್ದು

ನೈರೋಬಿ: ಹಿಟ್ಟಿನ ಪೊಟ್ಟಣ

ನೈರೋಬಿಯ ಕಸ್ಟಮ್ಸ್ ಅಧಿಕಾರಿಗೆ ನನ್ನ ಪೆಟ್ಟಿಗೆಯಲ್ಲಿದ್ದ ಪ್ರಯೋಗಾಲಯದ ಸಾಮಾನಿನ ಬಗ್ಗೆ ಕಿಂಚಿತ್ತೂ ಆಸಕ್ತಿ ಹುಟ್ಟಲಿಲ್ಲ. ಸಣ್ಣ ಪ್ಲಾಸ್ಟಿಕ್ ಟ್ಯೂಬುಗಳು, ದ್ರಾವಣದ ಬಾಟಲಿಗಳು, ಪೀಣ್ಯದ ಒಂದು ಶೆಡ್ಡಿನಲ್ಲಿ ಹೇಳಿ ಮಾಡಿಸಿದ ಬಿಸಿಪೆಟ್ಟಿಗೆ, ಇವೆಲ್ಲಕ್ಕೂ ನಾನು ವಾರಗಟ್ಟಲೆ ಓಡಾಡಿ ಸಹಿ ಹಾಕಿಸಿದ ಕಾಗದಗಳಿದ್ದವು. ಆತ ಅವನ್ನು ನೋಡಲೇ ಇಲ್ಲ. ಬಟ್ಟೆಗಳ ನಡುವೆ ಕೈಹಾಕಿ, ಯಾವ ಕಾಗದವೂ ಇಲ್ಲದ ಒಂದೇ ಒಂದು ವಸ್ತುವನ್ನು ಎತ್ತಿ ಮೇಜಿನ ಮೇಲಿಟ್ಟ. ಅದು ರಾಗಿಹಿಟ್ಟಿನ ಪೊಟ್ಟಣ.

ಗಂಟು ಬಿಚ್ಚಿ ಮೂಸಿದ. ಅವನ ಮುಖ ಅರಳಿತು. "ವಿಂಬಿ!" ಎಂದು ಪಕ್ಕದ ಮೇಜಿನವನನ್ನು ಕರೆದ. ಅವನೂ ಬಂದು ಮೂಸಿದ. ಇಬ್ಬರೂ ಸೇರಿ ನಕ್ಕರು. "ಮೇಡಂ, ಇದು ನಮ್ಮ ಧಾನ್ಯ. ಇಲ್ಲಿಂದಲೇ ನಿಮ್ಮ ದೇಶಕ್ಕೆ ಹೋಗಿದ್ದು. ವಾಪಸ್ ಕೊಡೋಕೆ ಬಂದ್ರಾ?" ಎಂದು ಕೇಳಿದ.

ನನಗೆ ಸಿಟ್ಟು ಬಂತು. ನಾನು ಬೆಂಗಳೂರಿನ ಹೂಡಿಯವಳು. ಟೆಕ್ ಪಾರ್ಕಿನ ಕಾರುಗಳು ನಿಲ್ಲುವ ಜಾಗದಲ್ಲಿ ನಮ್ಮ ತಾತ ರಾಗಿ ಬೆಳೆಯುತ್ತಿದ್ದ. ರಾಗಿ ನಮ್ಮ ಸ್ವಂತ ಆಸ್ತಿ ಎಂದೇ ನಲವತ್ತು ವರ್ಷ ನಂಬಿಕೊಂಡು ಬಂದವಳಿಗೆ, ವಿಮಾನದಿಂದ ಇಳಿದ ಅರ್ಧ ಗಂಟೆಯಲ್ಲಿ ಇನ್ನೊಬ್ಬ ಬಂದು ಅದಕ್ಕೆ ವಾರಸುದಾರನಾದರೆ ಹೇಗಿರುತ್ತದೆ? ಆಮೇಲೆ ವಿಚಾರಿಸಿದಾಗ ಅವನು ಹೇಳಿದ್ದೇ ಸರಿ ಎಂದು ಗೊತ್ತಾಯಿತು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲವಂತೆ. ಪೊಟ್ಟಣವನ್ನು ಅವನೇ ಜೋಪಾನವಾಗಿ ಕಟ್ಟಿ ವಾಪಸ್ ಕೊಟ್ಟ.

ಆ ಹಿಟ್ಟು ಕೊಟ್ಟು ಕಳಿಸಿದವನು ನನ್ನ ಸೋದರಮಾವ ಮುನಿರಾಜು. ನಮ್ಮ ಬೀದಿಯಲ್ಲೇ ಅವನ ಮನೆ. ಮನೆಯ ಹಿಂದಿನ ಸಾಲು ಕೋಣೆಗಳನ್ನು ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಬಾಡಿಗೆಗೆ ಕೊಟ್ಟಿದ್ದಾನೆ. ಅವರ ರೊಟ್ಟಿ ಮೇಲೋ ನಮ್ಮ ಮುದ್ದೆ ಮೇಲೋ ಎಂದು ಅವರೊಡನೆ ದಿನಾ ಜಗಳ ಕಾಯುವುದು ಅವನ ಕಾಲಕ್ಷೇಪ. ಚಿಕ್ಕವಳಿದ್ದಾಗ ನನಗೆ ಮುದ್ದೆ ನುಂಗುವುದನ್ನು ಕಲಿಸಿದವನೂ ಅವನೇ. "ಹಲ್ಲಿಗೆ ತಾಗಿಸ್ಬ್ಯಾಡ ಕಣೆ. ಸಾರಲ್ಲಿ ಹೊಳ್ಳಿಸು, ನಾಲಿಗೆ ಮೇಲಿಡು, ಬಿಟ್ಬಿಡು ಅಷ್ಟೇ. ಇಳೀತಾ?" ಎಂದು ಒಂದೊಂದು ತುತ್ತಿಗೂ ಕೇಳುತ್ತಿದ್ದ. ಇಳಿಯಿತೆಂದರೆ ಬೆನ್ನು ತಟ್ಟುತ್ತಿದ್ದ.

ಹೊರಡುವ ದಿನ ಅವನ ಮನೆಗೆ ಹೋದಾಗ ಲಕ್ಷ್ಮಮ್ಮತ್ತೆ ಎಲ್ಲರಿಗೂ ಮುದ್ದೆ, ಸೊಪ್ಪಿನ ಸಾರು ಬಡಿಸಿ, ಮಾವನ ಮುಂದೆ ಮಾತ್ರ ಒಂದು ಬಟ್ಟಲು ಗಂಜಿ ಇಟ್ಟಳು. ಮಾವ ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡಿದ್ದ. ಅದು ಒಸಡಿಗೆ ಒತ್ತುತ್ತದಂತೆ, ಗಟ್ಟಿ ಪದಾರ್ಥ ತಿನ್ನಲಾಗದಂತೆ. "ಹಲ್ಲು ಸರಿಯಾಗ್ಲಿ, ನೀನ್ ಬಂದ್ಮ್ಯಾಲೆ ಒಟ್ಟಿಗೆ ಮುದ್ದೆ ಉಣ್ಣಾನ" ಎಂದ. ನಾವೆಲ್ಲ ತಲೆಯಾಡಿಸಿ ಉಂಡೆವು.

ಬೆಟ್ಟದ ದಾರಿ: ಪೋಲೆ

ನನ್ನನ್ನು ಕರೆದೊಯ್ಯಲು ಬಂದಿದ್ದವರು ಡಾಕ್ಟರ್ ಚೆಬೆಟ್. ಕೆರಿಚೊ ಊರಿನ ಒಂದು ಆಸ್ಪತ್ರೆಯಲ್ಲಿ ಗೆಡ್ಡೆಗಳ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವ ಕೆಲಸ ಅವರದು. ನಾನು ವೈಟ್‌ಫೀಲ್ಡಿನಲ್ಲಿ ಅದೇ ಬಗೆಯ ಚೂರುಗಳಿಂದ ಜೀನು ತೆಗೆದು ಓದುವ ಪ್ರಯೋಗಾಲಯದಲ್ಲಿದ್ದೇನೆ. ಒಂದು ವರ್ಷದಿಂದ ಕಂಪ್ಯೂಟರ್ ಪರದೆಯಲ್ಲಿ ಮಾತಾಡಿಕೊಂಡು ಗೆಳತಿಯರಾಗಿದ್ದೆವು. ಆ ಸೀಮೆಯಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚು, ಅದೂ ವಯಸ್ಸಲ್ಲದ ವಯಸ್ಸಿನವರಿಗೂ ಬರುತ್ತದೆ. ಏಕೆಂದು ಯಾರಿಗೂ ಪೂರ್ತಿ ಗೊತ್ತಿಲ್ಲ. ಚೂರುಗಳನ್ನು ಬೇರೆ ದೇಶಕ್ಕೆ ಕಳಿಸುವ ಬದಲು ಅಲ್ಲೇ ಜೀನು ತೆಗೆಯುವುದನ್ನು ಕಲಿಸಿಕೊಡಬೇಕೆಂದು ನನ್ನನ್ನು ಕಳಿಸಿದ್ದರು.

ಕಾರು ಹತ್ತುವಾಗ ಕಲ್ಲೊಂದಕ್ಕೆ ಎಡವಿದೆ. ದೂರದಲ್ಲಿ ನಿಂತಿದ್ದ ಕಾವಲುಗಾರ "ಪೋಲೆ, ಪೋಲೆ" ಎಂದು ಮರುಗಿದ. ಕ್ಷಮಿಸಿ ಎಂದರ್ಥ. ಕಲ್ಲನ್ನು ಅವನು ಇಟ್ಟಿರಲಿಲ್ಲ, ನಾನು ಎಡವಿದ್ದರಲ್ಲಿ ಅವನ ಪಾಲು ಏನೂ ಇರಲಿಲ್ಲ. ದಾರಿಯಲ್ಲಿ ಒಂದು ಕಡೆ ನಿಂತು ಚಹಾ ಕುಡಿಯುವಾಗ ನಾಲಿಗೆ ಸುಟ್ಟುಕೊಂಡೆ, ಅಂಗಡಿಯವಳೂ "ಪೋಲೆ" ಎಂದಳು. ಇಲ್ಲಿನವರು ಯಾರಿಗೆ ಏನಾದರೂ ಹಾಗೆ ಅನ್ನುತ್ತಾರಂತೆ. ನಮ್ಮ ಹೂಡಿ ಸರ್ಕಲ್ಲಿನಲ್ಲಿ ಎಡವಿ ಬಿದ್ದರೆ "ನೋಡ್ಕೊಂಡ್ ನಡೀಬಾರ್ದಾ ಮೇಡಂ?" ಎನ್ನುತ್ತಾರೆ, ಆಮೇಲೆ ಎತ್ತುತ್ತಾರೆ. ಎತ್ತುವುದಂತೂ ಎತ್ತುತ್ತಾರೆ, ಸುಳ್ಳು ಹೇಳಬಾರದು.

ಆ ಚಹಾ ಬಿಸಿಯೆಂದರೆ ಬಿಸಿ. ಹಾಲಲ್ಲೇ ಕುದಿಸಿ, ಫ್ಲಾಸ್ಕಿಗೆ ತುಂಬಿ, ಅದರಿಂದ ಲೋಟಕ್ಕೆ ಸುರಿದು ಕೊಡುತ್ತಾರೆ. ಚೆಬೆಟ್ ಊದದೆ, ನಿಲ್ಲಿಸದೆ ಕುಡಿದು ಇನ್ನೊಂದು ಕೇಳಿದರು.

"ಅಲ್ಲ ಡಾಕ್ಟರ್, ಸುಡುಸುಡು ಚಹಾ ಅನ್ನನಾಳಕ್ಕೆ ಒಳ್ಳೇದಲ್ಲ ಅಂತ ನೀವೇ ನನಗೆ ಹೇಳಿದ್ರಲ್ಲ?" ಎಂದೆ.

"ಹೇಳಿದ್ದು ನಿಜ. ಗೊತ್ತಿರೋದು ಬೇರೆ, ಕುಡಿಯೋದು ಬೇರೆ. ನಮ್ಮಮ್ಮನ ಮನೇಲಿ ಆರಿದ ಚಹಾ ಕೊಟ್ಟರೆ ಬಂದವರಿಗೆ ಅವಮಾನ ಮಾಡಿದ ಹಾಗೆ" ಎಂದರು.

ನನಗೆ ಮಾವನ ನೆನಪಾಗಿ ನಗು ಬಂತು. ಹೋಟೆಲಿನಲ್ಲಿ ಕಾಫಿ ಸ್ವಲ್ಪ ಆರಿದ್ದರೂ ಅವನು ಲೋಟವನ್ನು ವಾಪಸ್ ತಳ್ಳಿ, "ಇದೇನಪ್ಪ, ಮುಖ ತೊಳ್ಕೊಳಕ್ ಕೊಟ್ಟಿದೀಯಾ?" ಎಂದು ಕೇಳುವವನು. ಬೀಡಿಯೂ ಇತ್ತು. ಮೊಮ್ಮಗಳು ಹುಟ್ಟಿದ ಮೇಲೆ ಬಿಟ್ಟ.

ಕೆರಿಚೊ: ಗಂಟಲೊಳಗಿನ ಕಾವಲು

ಕೆರಿಚೊ ಚಹಾ ತೋಟಗಳ ಊರು. ಮಧ್ಯಾಹ್ನವಾದರೆ ಸಾಕು, ಯಾರೋ ಹೇಳಿ ಕಳಿಸಿದಂತೆ ಮಳೆ ಬರುತ್ತದೆ. ಮೊದಲ ದಿನವೇ ನನ್ನ ಮಾನ ಹೋಯಿತು. ಪೀಣ್ಯದ ಬಿಸಿಪೆಟ್ಟಿಗೆಯ ಪ್ಲಗ್ಗಿಗೆ ಗುಂಡು ಕಾಲು, ಅಲ್ಲಿನ ಗೋಡೆಯ ತೂತುಗಳು ಚಪ್ಪಟೆ. ಯಂತ್ರಕ್ಕೆ ಬೇಕಾದ ಕಾಗದವೆಲ್ಲ ಹೊತ್ತು ತಂದವಳು ಒಂದು ಪ್ಲಗ್ಗು ತಂದಿರಲಿಲ್ಲ. ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಅದರ ಮಾಲೀಕ ಗುಜರಾತಿ ಮುದುಕ. ನನ್ನ ಹಣೆಯ ಬೊಟ್ಟು ನೋಡಿದ್ದೇ ತಡ, ಹಿಂದಿಯಲ್ಲಿ ಮಾತು ಶುರುವಿಟ್ಟುಕೊಂಡ. ಅವನ ಅಜ್ಜನ ಕಾಲಕ್ಕೇ ಇಲ್ಲಿಗೆ ಬಂದವರು. ಬೆಂಗಳೂರು ಎಂದೆ. "ಅಲ್ಲಿ ನೀರು ಬರುತ್ತಾ ಈಗ?" ಎಂದು ಕೇಳಿದ. ನಮ್ಮ ಕೀರ್ತಿ ಅಲ್ಲಿಯವರೆಗೂ ಹೋಗಿದೆ.

ಕೆಲಸ ಶುರುವಾದ ಮೇಲೆ ಮಾತ್ರ ಚೆಬೆಟ್ ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿದರು. ನನಗೂ ಅದೇ ಬೇಕಿತ್ತು. ಅನ್ನನಾಳದ ಗೆಡ್ಡೆಯಲ್ಲಿ ಜೀನುಗಳ ಪಾತ್ರವೇನು ಎಂಬುದನ್ನು ನಮ್ಮ ಆಫೀಸಿನಲ್ಲಿ ಹೊಸಬರಿಗೆ ಹೇಳುವಂತೆಯೇ ಹೇಳಿದೆ. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಒಂದು ದೊಡ್ಡ ಬರಹವಿದೆ. ಕೋಶ ಒಡೆದು ಎರಡಾಗುವಾಗ ಅದನ್ನು ನಕಲು ಮಾಡಿಕೊಳ್ಳುತ್ತದೆ. ನಕಲಿನಲ್ಲಿ ತಪ್ಪಾದರೆ "ನಿಲ್ಲು, ಸರಿಮಾಡಿಕೊ, ಆಗದಿದ್ದರೆ ಸಾಯಿ" ಎಂದು ಹೇಳುವ ಕಾವಲಿನ ಜೀನು ಒಂದಿದೆ. ನಾವು ಅದನ್ನು ಪಿ-ಫಿಫ್ಟಿತ್ರೀ ಎನ್ನುತ್ತೇವೆ. ಅನ್ನನಾಳದ ಗೆಡ್ಡೆಗಳಲ್ಲಿ ಬಹುಪಾಲಿನಲ್ಲಿ ಈ ಕಾವಲೇ ಕೆಟ್ಟಿರುತ್ತದೆ. ಜೊತೆಗೆ ಕೋಶವನ್ನು "ಒಡಿ, ಒಡಿ" ಎಂದು ಮುಂದಕ್ಕೆ ದೂಡುವ ಇನ್ನೊಂದು ಜೀನಿನ ಪ್ರತಿಗಳು ಎಷ್ಟೋ ಗೆಡ್ಡೆಗಳಲ್ಲಿ ಹೆಚ್ಚಾಗಿಬಿಟ್ಟಿರುತ್ತವೆ. ತಡೆಯುವವನು ಇಲ್ಲ, ದೂಡುವವರು ಹಲವರು. ಕೋಶಗಳು ಗುಂಪುಗುಂಪಾಗಿ ಬೆಳೆದು ದಾರಿ ಮುಚ್ಚುತ್ತವೆ.

ಇಲ್ಲಿಯವರೆಗೆ ಅವರಿಗೂ ಗೊತ್ತಿದ್ದದ್ದೇ. ಮೂರನೆಯದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ನಾಚ್-ಒನ್ ಎಂಬ ಜೀನು ಗೆಡ್ಡೆಯಲ್ಲಿ ಕೆಟ್ಟಿರುವುದನ್ನು ಕಂಡು ಮೊದಲು ಎಲ್ಲರೂ ಅದನ್ನೂ ಅಪರಾಧಿ ಎಂದರು. ಆಮೇಲೆ ಯಾವ ರೋಗವೂ ಇಲ್ಲದ ವಯಸ್ಸಾದವರ ಅನ್ನನಾಳವನ್ನು ನೋಡಿದರೆ, ಅಲ್ಲಿ ಅದೇ ಜೀನು ಕೆಟ್ಟ ಕೋಶಗಳು ಇನ್ನೂ ಹೆಚ್ಚಾಗಿ ಹರಡಿಕೊಂಡು ಸುಮ್ಮನೆ ಬದುಕಿವೆ. ಕೆಟ್ಟದ್ದೆಲ್ಲ ಕ್ಯಾನ್ಸರ್ ಆಗುವುದಿಲ್ಲ. ಕೆಲವು ಬಗೆಯ ಕೆಟ್ಟವು ಬೇರೆ ಕೆಟ್ಟವಕ್ಕೆ ಜಾಗ ಬಿಡದೆ ನಮ್ಮನ್ನು ಕಾಯುತ್ತಿರಲೂಬಹುದು.

"ಅಂದ್ರೆ ನನ್ನ ಗಂಟಲಲ್ಲೂ ನಿಮ್ಮ ಗಂಟಲಲ್ಲೂ ಈಗಲೇ ಕೆಟ್ಟ ಕೋಶ ಇವೆ?" ಎಂದು ಕೇಳಿದರು.

"ನಲವತ್ತು ದಾಟಿದೀವಲ್ಲ, ಇರಲೇಬೇಕು."

ಇಬ್ಬರೂ ಒಟ್ಟಿಗೆ ಎಂಜಲು ನುಂಗಿದೆವು. ಆಮೇಲೆ ಅದಕ್ಕೇ ನಕ್ಕೆವು.

ಅವರು ನಿಜವಾಗಿ ಕೇಳಬೇಕೆಂದಿದ್ದ ಪ್ರಶ್ನೆ ಆ ನಗುವಿನ ಹಿಂದೆ ಬಂತು. ಚೆಬೆಟ್ ತಂದೆ ಇದೇ ಕಾಯಿಲೆಯಲ್ಲಿ ತೀರಿಹೋಗಿದ್ದರು. "ಅಪ್ಪನಿಗೆ ಇತ್ತು. ಹಾಗಾದ್ರೆ ನನಗೂ ಆ ಜೀನು ಬಂದಿರುತ್ತಾ?" ಎಂದರು. ರೋಗಿಗಳಿಗೆ ಉತ್ತರ ಹೇಳುವ ಡಾಕ್ಟರು ತನ್ನ ವಿಷಯಕ್ಕೆ ಬಂದಾಗ ನಮ್ಮ ನಿಮ್ಮಂತೆಯೇ ಕೇಳುತ್ತಾರೆ. ಹುಟ್ಟುತ್ತಲೇ ಬರುವ ಬಗೆ ಇದೆ, ಆದರೆ ತೀರಾ ಅಪರೂಪ. ಅಂಥ ಮನೆತನದವರಿಗೆ ಅಂಗೈ, ಅಂಗಾಲಿನ ಚರ್ಮ ಚಿಕ್ಕಂದಿನಿಂದಲೇ ದಪ್ಪಗಿರುತ್ತದೆ. ಚೆಬೆಟ್ ಯಾರನ್ನು ಕಂಡರೂ ಕೈಹಿಡಿದು ಕುಲುಕಿ ಬೇಗ ಬಿಡುತ್ತಿರಲಿಲ್ಲ. ಅದು ಆ ಊರಿನ ಪದ್ಧತಿ ಎಂದುಕೊಂಡಿದ್ದೆ, ಹೌದು ಕೂಡ. ಆದರೆ ಹಾಗೆ ಹಿಡಿದುಕೊಂಡೇ ಅಂಗೈ ಮುಟ್ಟಿ ನೋಡುತ್ತಾರಂತೆ. ಇಷ್ಟು ವರ್ಷದಲ್ಲಿ ಅಂಥ ಕೈ ಒಂದೂ ಸಿಕ್ಕಿಲ್ಲ, ಸಿಕ್ಕಿದ್ದೆಲ್ಲ ಗುದ್ದಲಿ ಹಿಡಿದ ಕೈಗಳೇ.

ಉಳಿದವರಲ್ಲಿ ಬಹುತೇಕ ಎಲ್ಲರಿಗೂ ಜೀನು ಕೆಡುವುದು ಹುಟ್ಟಿದ ಮೇಲೆ, ಅವರವರ ಅನ್ನನಾಳದಲ್ಲೇ. ಹೊಗೆ, ಹೆಂಡ, ಸುಡುವ ಪಾನೀಯ, ವಯಸ್ಸು, ಇನ್ನೂ ಗೊತ್ತಿಲ್ಲದ ಏನೇನೋ ಸೇರಿ ಕೆಡಿಸುತ್ತವೆ. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದರೆ ರಕ್ತದಲ್ಲಿ ಬಂತು ಎನ್ನುವ ಮೊದಲು ಒಲೆಯ ಕಡೆ ನೋಡಬೇಕು. ಹೀಗೆಲ್ಲ ಹೇಳಿ ಚೆಬೆಟ್‌ಗೆ ಸಮಾಧಾನ ಮಾಡಿದೆ. ನಮ್ಮ ತಾತನೂ, ಅಂದರೆ ಮಾವನ ಅಪ್ಪ, ಅನ್ನ ಇಳಿಯದೆಯೇ ಸತ್ತವನು ಎಂದು ನಡುವೆ ಒಂದು ಮಾತು ಬಂದುಹೋಯಿತು.

ಭಾನುವಾರ: ಕೋಗೊ ಮನೆ

ಚೆಬೆಟ್ ತಾಯಿಯನ್ನು ಎಲ್ಲರೂ ಕೋಗೊ ಎನ್ನುತ್ತಾರೆ. ಅಜ್ಜಿ ಎಂದು ಅರ್ಥ. ಊರ ಹೊರಗೆ, ಗುಡ್ಡದ ಮೇಲೆ ಮನೆ. ರಾಗಿಹಿಟ್ಟಿನ ಪೊಟ್ಟಣವನ್ನು ಅವರ ಕೈಗಿಟ್ಟೆ. ಮೂಸಿ ನೋಡಿ ಎದೆಗೊತ್ತಿಕೊಂಡರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಅವರ ಮಾತು ಬಾರದು, ಚೆಬೆಟ್ ನಡುವೆ ಕೂತು ಅತ್ತಿತ್ತ ಸಾಗಿಸುತ್ತಿದ್ದರು.

ಊಟಕ್ಕೆ ಉಗಾಲಿ, ಸೊಪ್ಪಿನ ಪಲ್ಯ, ಕೋಳಿ ಸಾರು. ಉಗಾಲಿಯೆಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಕಂಡ ಕೂಡಲೇ ನನಗೆ ಜೀವ ಬಂತು. ಕೈ ತೊಳೆದು ಒಂದು ತುತ್ತು ಮುರಿದೆ, ಉಂಡೆ ಮಾಡಿದೆ, ಕೋಳಿ ಸಾರಿನಲ್ಲಿ ಹೊರಳಿಸಿದೆ, ನಾಲಿಗೆಯ ಮೇಲಿಟ್ಟೆ, ಬಿಟ್ಟುಬಿಟ್ಟೆ.

ಅದು ರಾಗಿಯಲ್ಲ. ಒರಟು, ಗಟ್ಟಿ, ಒಂದಿಷ್ಟೂ ಜಾರುವುದಿಲ್ಲ. ಅರ್ಧ ದಾರಿಗೆ ಹೋಗಿ ಎದೆಯ ಹಿಂದೆ ಕೂತುಬಿಟ್ಟಿತು. ಮುಂದೂ ಹೋಗದು, ಹಿಂದೂ ಬಾರದು. ಕಣ್ಣಲ್ಲಿ ನೀರು ಬಂತು. ಕೈಗೆ ಸಿಕ್ಕ ಚಹಾದ ಲೋಟ ಎತ್ತಿ ಗಟಗಟ ಕುಡಿದೆ.

ತಲೆಯೆತ್ತಿದರೆ ಯಾರೂ ಉಣ್ಣುತ್ತಿರಲಿಲ್ಲ. ಕೋಗೊ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. ಏನೋ ಕೇಳಿದರು. ಚೆಬೆಟ್ ಮುಖವೂ ಬಿಗಿದಿತ್ತು.

"ಎಷ್ಟು ದಿನದಿಂದ ಹೀಗಾಗ್ತಿದೆ ಅಂತ ಕೇಳ್ತಿದಾರೆ" ಎಂದರು.

ಆ ಮನೆಯ ಒಂದು ರೂಢಿ ನನಗೆ ಆಗ ತಿಳಿಯಿತು. ಚೆಬೆಟ್ ತಂದೆ ತಮ್ಮ ತೊಂದರೆಯನ್ನು ಯಾರಿಗೂ ಹೇಳಿರಲಿಲ್ಲ. ಉಗಾಲಿಯ ಪ್ರತಿ ತುತ್ತಿನ ಹಿಂದೆಯೂ ಚಹಾ ಕುಡಿದು ಇಳಿಸಿಕೊಳ್ಳುತ್ತಿದ್ದರು. ನೋವಿದೆಯೇ ಎಂದರೆ ಇಲ್ಲ ಎನ್ನುತ್ತಿದ್ದರು, ನಿಜವಾಗಿ ಆಗ ನೋವೂ ಇರಲಿಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಅಂದಿನಿಂದ ಕೋಗೊ ಯಾರ ಜೊತೆ ಊಟಕ್ಕೆ ಕೂತರೂ ತಟ್ಟೆ ನೋಡುವುದಿಲ್ಲ, ಕೈ ನೋಡುತ್ತಾರೆ. ತುತ್ತಿನ ನಡುವೆ ಯಾರ ಕೈ ಚಹಾದ ಕಡೆ ಹೋದರೂ ಅವರಿಗೆ ಕಾಣುತ್ತದೆ. ಮನೆಯವರಾಗಲಿ, ನೆಂಟರಾಗಲಿ, ಬಿಡುವುದಿಲ್ಲ.

ನನಗೆ ನಾಚಿಕೆಯಾಯಿತು, ನಗುವೂ ಬಂತು. "ನನಗೇನೂ ಆಗಿಲ್ಲ. ನಮ್ಮ ಕಡೆ ಇದನ್ನ ಅಗಿಯಲ್ಲ, ನುಂಗ್ತೀವಿ" ಎಂದೆ.

ಚೆಬೆಟ್ ಅದನ್ನು ದಾಟಿಸಿದರು. ಕೋಗೊ ನಂಬಲಿಲ್ಲ. ಅಗಿಯದೆ ತಿನ್ನುವುದು ಕೋಳಿಗಳು ಮಾತ್ರ ಎಂದರಂತೆ. ನನ್ನ ಮಾನದ ಪ್ರಶ್ನೆಯಾಯಿತು. ನೇರ ಅಡಿಗೆಮನೆಗೆ ಹೋದೆ. ನೀರು ಕುದಿಸಿ, ನಮ್ಮ ಪೊಟ್ಟಣದ ಹಿಟ್ಟು ಸುರಿದು, ಅವರ ಉಗಾಲಿ ತಿರುವುವ ಮರದ ಸಟ್ಟುಗದಲ್ಲೇ ಮುದ್ದೆ ತಿರುವಿದೆ. ಗಂಟು ಆಗಲಿಲ್ಲ. ಆಫ್ರಿಕಾದಲ್ಲಿ ಹುಟ್ಟಿ, ಹೂಡಿಯಲ್ಲಿ ಬಾಳಿ, ರಾಗಿ ತವರುಮನೆಯ ತಟ್ಟೆಗೆ ಮುದ್ದೆಯಾಗಿ ಬಂತು. ಎಲ್ಲರೂ ಸುತ್ತ ನಿಂತರು. ನಾನು ಕೋಳಿ ಸಾರಿನಲ್ಲಿ ಹೊರಳಿಸಿ ಒಂದರ ಹಿಂದೆ ಒಂದು ತುತ್ತು ನುಂಗಿ ತೋರಿಸಿದೆ. ಮಕ್ಕಳು ಕೇಕೆ ಹಾಕಿದರು. ಚೆಬೆಟ್ ಒಂದು ತುತ್ತು ನುಂಗಲು ಹೋಗಿ ಕೆಮ್ಮಿ ಉಗಿದರು. ಕೋಗೊ ನನ್ನ ಗಂಟಲ ಮೇಲೆ ಬೆರಳಿಟ್ಟು ತುತ್ತು ಇಳಿಯುವುದನ್ನು ಮುಟ್ಟಿ ನೋಡಿ ಸೋಜಿಗಪಟ್ಟರು.

ನನಗೆ ಗರ್ವ ಏರಿತ್ತು. "ಇದಕ್ಕೆ ಹಲ್ಲೇ ಬೇಡ. ನಮ್ಮೂರಲ್ಲಿ ಒಂದು ಹಲ್ಲೂ ಇಲ್ಲದ ಮುದುಕರೂ ದಿನಾ ಎರಡು ಹೊತ್ತು ಮುದ್ದೆ ಹೊಡೀತಾರೆ. ಹಲ್ಲಿಗೂ ಮುದ್ದೆಗೂ ಸಂಬಂಧವೇ..."

ಕೈಯಲ್ಲಿದ್ದ ತುತ್ತನ್ನು ವಾಪಸ್ ತಟ್ಟೆಗಿಟ್ಟೆ.

ಹಲ್ಲು ಸರಿಯಾಗಲಿ, ಒಟ್ಟಿಗೆ ಮುದ್ದೆ ಉಣ್ಣೋಣ ಎಂದಿದ್ದ ಮಾವ. ಹೂಡಿಯ ಅಷ್ಟು ಜನ, ಹುಟ್ಟಿದಾಗಿನಿಂದ ಮುದ್ದೆ ನುಂಗಿದವರು, ಹಲ್ಲು ನೋವಿಗೆ ಮುದ್ದೆ ಬಿಟ್ಟೆ ಎಂದವನನ್ನು ನೋಡಿ ಪಾಪ ಎಂದುಕೊಂಡು ಗಂಜಿ ಬಡಿಸಿದ್ದೆವು. ಕೋಗೊ ಇನ್ನೂ ನನ್ನ ಗಂಟಲ ಮೇಲೆ ಬೆರಳಿಟ್ಟುಕೊಂಡೇ ಇದ್ದರು. ನನ್ನ ಮುಖ ನೋಡಿ ಕೈ ತೆಗೆದರು. ನಾನು ಚೆಬೆಟ್‌ಗೆ ಎಲ್ಲ ಹೇಳಿದೆ. ಅವರು ತಾಯಿಗೆ ಹೇಳುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು.

"ಪೋಲೆ" ಎಂದರು ಕೋಗೊ.

ಅದೇ ಸಂಜೆ: ಫೋನಿನಲ್ಲಿ ಹೂಡಿ

ಮನೆಯ ಹಿಂದೆ ಸಿಗ್ನಲ್ ಸಿಗುವ ಒಂದು ಬೇಲಿಯ ಮೂಲೆಯಿತ್ತು. ಅಲ್ಲಿ ನಿಂತು ವಿಡಿಯೋ ಕರೆ ಮಾಡಿದೆ. ಮಾವ ಜಗುಲಿಯ ಮೇಲೆ ಕುಳಿತಿದ್ದ. ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಎದುರಿಗಿದ್ದಾಗ ಕಾಣದ್ದು ಆ ಪುಟ್ಟ ಪರದೆಯಲ್ಲಿ ಕಂಡಿತು.

"ಏನ್ ಗೌರಿ, ಹುಲಿ ಸಿಂಹ ನೋಡ್ದಾ?"

"ಮಧ್ಯಾಹ್ನ ಏನ್ ತಿಂದೆ ಮಾವ?"

"ಗಂಜಿ ಕಣೆ. ಹಲ್ಲು ಇನ್ನೂ ಕೂತ್ಕಂಡಿಲ್ಲ."

"ಮುದ್ದೆ ನುಂಗೋಕೆ ಹಲ್ಲು ಯಾಕ್ ಬೇಕು ಮಾವ?"

ಫೋನು ತಿರುಗಿತು. ಪರದೆಯ ತುಂಬ ಜಗುಲಿಯ ಸೂರು ಕಂಡಿತು.

"ಯಾವಾಗಿಂದ ಇಳೀತಿಲ್ಲ?" ಎಂದು ಕೇಳಿದೆ.

"ಉಗಾದಿ ಆದ್ಮ್ಯಾಲೆ." ಸೂರನ್ನು ನೋಡುತ್ತಲೇ ನಾನು ಅವನ ದನಿ ಕೇಳಿಸಿಕೊಂಡೆ. "ಒಸಿ ನಿಂತಂಗಾಯ್ತದೆ. ಆಮ್ಯಾಕೆ ಓಯ್ತದೆ. ನಿಮ್ಮತ್ತೆಗೆ ಯೋಳ್ಬ್ಯಾಡ."

"ನನಗೇ ಹೇಳ್ಬಹುದಿತ್ತಲ್ಲ ಮಾವ? ನಾನು ಮಾಡೋ ಕೆಲಸವೇ ಅದು."

"ಅದಕ್ಕೇ ಯೋಳ್ಲಿಲ್ಲ. ನಮ್ಮಪ್ಪಂಗೂ ಇಂಗೇ ಸುರುವಾಗಿದ್ದು, ನಾನ್ ನೋಡಿವ್ನಿ. ನೀನೇ ಯಾವಾಗ್ಲೂ ಅಂತೀಯಲ್ಲ, ಜೀನು ಜೀನು ಅಂತ. ಅಪ್ಪಂದು ಮಗಂಗೆ ಬತ್ತದೆ, ಅಷ್ಟೇ ತಾನೆ? ಹುಟ್ಟುವಾಗಲೇ ಬರ್ಕಂಡ್ ಬಂದಿದ್ನ ಯಾವ ಡಾಕ್ಟ್ರು ಅಳುಸ್ತಾನೆ? ಸುಮ್ಕೆ ಮೈ ಕುಯ್ಸ್ಕಂಡು, ಇರೋದ್ನೆಲ್ಲ ಆಸ್ಪತ್ರೆಗ್ ಸುರಿದು..."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನನ್ನ ಬಾಯಿಂದ ಹತ್ತಾರು ವರ್ಷ ಕೇಳಿಸಿಕೊಂಡ ಒಂದು ಪದವನ್ನು ಹಿಡಿದು ಅವನು ತನಗೆ ತಾನೇ ಸಾವು ಗೊತ್ತು ಮಾಡಿಕೊಂಡು ಗಂಜಿ ಕುಡಿಯುತ್ತ ಕೂತಿದ್ದ.

"ಮಾವ, ಕೇಳಿಲ್ಲಿ. ಎಲ್ಲಾ ಜೀನು ಅಪ್ಪ ಕೊಟ್ಟ ಹಾಗೇ ಇರಲ್ಲ. ನಿಮ್ಮಪ್ಪ ನಿನಗೆ ಕೊಟ್ಟಾಗ ಅದು ಸರಿಯಾಗೇ ಇದ್ದಿರುತ್ತೆ. ಅದನ್ನ ಕೆಡಿಸಿರೋದು ನಿನ್ನ ಬೀಡಿ, ನಿನ್ನ ಕುದಿಯೋ ಕಾಫಿ, ನಿನ್ನ ವಯಸ್ಸು. ನಿಮ್ಮಪ್ಪನೂ ಅದೇ ಬೀಡಿ ಸೇದಿದ್ದ. ಕೆಟ್ಟಿರೋದು ಅಲ್ಲೊಂದು ಕಡೆ, ಅಂಗೈಯಗಲ ಜಾಗದಲ್ಲಿ. ಹಣೇಲಿ ಅಲ್ಲ. ಬೇಗ ನೋಡಿದರೆ ತೆಗೀಬಹುದು."

"ನಿಜವಾಗ್ಲೂ?"

"ತೆಗೀಬಹುದು ಅಂದೆ. ತೆಗೀತಾರೆ ಅಂತ ನೋಡದೆ ಹೇಳೋಕಾಗಲ್ಲ. ನಾಳೆ ಬೆಳಿಗ್ಗೆ ಹೋಗು."

ಸೂರು ಮರೆಯಾಗಿ ಮುಖ ಬಂತು. ಹೊಸ ಹಲ್ಲುಗಳು ಸಾಲಾಗಿ, ಬಿಳಿಯಾಗಿ ಕಾಣುತ್ತಿದ್ದವು. ಆ ಸೆಟ್ಟು ಕಟ್ಟಿಸಿಕೊಂಡಿದ್ದೇ ಸುಳ್ಳಿಗೆ ಒಂದು ಆಸರೆ ಬೇಕಿತ್ತೆಂಬ ಕಾರಣಕ್ಕೆ, ಅದನ್ನು ಆಮೇಲೆ ಅವನೇ ಹೇಳಿದ. "ಫೋನು ಅತ್ತೆ ಕೈಗೆ ಕೊಡು" ಎಂದೆ. ಕೊಟ್ಟ. ಅತ್ತೆ ಎಲ್ಲ ಕೇಳಿಸಿಕೊಂಡು ಅಳಲಿಲ್ಲ, ಬೈಯಲೂ ಇಲ್ಲ. "ನಾಳೆ ಯಾಕೆ, ಈಗ್ಲೇ ಆಟೋ ಕರೀತೀನಿ" ಎಂದಳು.

ಹಿಂದಿರುಗಿದರೆ ಕೋಗೊ ಬಾಗಿಲಲ್ಲೇ ನಿಂತಿದ್ದರು. ನನ್ನ ಕೈಗೆ ಒಂದು ಲೋಟ ಚಹಾ ಕೊಟ್ಟರು. ಆ ಮನೆಯಲ್ಲಿ ಮೊದಲ ಬಾರಿಗೆ ಅದು ಆರಿತ್ತು, ಅವರೇ ಎರಡು ಲೋಟದಲ್ಲಿ ಹಿಡಿದು ಎತ್ತಿ ಹೊಯ್ದು ಆರಿಸಿದ್ದರಂತೆ.

ಅಲ್ಲಿದ್ದ ಉಳಿದ ದಿನಗಳಲ್ಲಿ ಕೆಲಸ ನಿಲ್ಲಲಿಲ್ಲ. ಹಗಲು ಚೆಬೆಟ್ ಜೊತೆ, ಕೆಡದಿರಲೆಂದು ಮೇಣದಲ್ಲಿ ಹುದುಗಿಸಿಟ್ಟ ಗೆಡ್ಡೆಯ ಚೂರುಗಳಿಂದ ಜೀನು ತೆಗೆಯುತ್ತಿದ್ದೆ, ನಡುನಡುವೆ ಫೋನು ನೋಡುತ್ತಿದ್ದೆ. ಒಂದು ಮಧ್ಯಾಹ್ನ ಅತ್ತೆಯ ಸಂದೇಶ ಬಂತು. ಅನ್ನನಾಳದ ನಡುಭಾಗದಲ್ಲಿ ಗೆಡ್ಡೆಯಿದೆ. ಕ್ಯಾನ್ಸರೇ ಹೌದು. ಬೇರೆಲ್ಲೂ ಹರಡಿದಂತೆ ಕಾಣುತ್ತಿಲ್ಲ. ನಾನು ಓದಿ ಫೋನನ್ನು ಚೆಬೆಟ್ ಕಡೆ ಚಾಚಿದೆ. ಅಕ್ಷರ ಕನ್ನಡದಲ್ಲಿದೆ ಎಂಬುದೂ ನನಗೆ ಹೊಳೆಯಲಿಲ್ಲ. ಅವರು ಅಕ್ಷರ ಬಿಟ್ಟು ನನ್ನ ಮುಖ ನೋಡಿ, ಕೈಹಿಡಿದುಕೊಂಡು ಕೂತರು.

ಹೂಡಿ: ಒಂದು ತುತ್ತು

ಔಷಧಿ, ಕಿರಣ ಚಿಕಿತ್ಸೆ, ಆಮೇಲೆ ಆಪರೇಷನ್. ಮಾವ ಅರ್ಧ ಆದ. ಹಿಂದಿನ ಕೋಣೆಯ ಯಾದಗಿರಿಯವರು ಸರದಿಯ ಮೇಲೆ ಆಸ್ಪತ್ರೆಯಲ್ಲಿ ಮಲಗಿದರು. "ಯಜಮಾನ್ರ, ಲಗೂನ ಎದ್ದು ಬರ್ರಿ, ಜಗಳಾಡಾಕ ಯಾರೂ ಇಲ್ರಿ" ಎಂದು ಬಂದು ಬಂದು ಹೇಳುತ್ತಿದ್ದರು.

ಗೆಡ್ಡೆಯ ಚೂರು ನಮ್ಮ ಪ್ರಯೋಗಾಲಯಕ್ಕೇ ಬಂತು. ಮನೆಯವರದನ್ನು ನಾವೇ ಓದುವಂತಿಲ್ಲ ಎಂಬುದು ನಮ್ಮಲ್ಲಿ ನಿಯಮ. ಸಹೋದ್ಯೋಗಿಯೊಬ್ಬಳು ಓದಿದಳು. ಗೆಡ್ಡೆಯಲ್ಲಿ ಪಿ-ಫಿಫ್ಟಿತ್ರೀ ಕೆಟ್ಟಿತ್ತು, ಕೆರಿಚೊದ ಮೇಣದ ಚೂರುಗಳಲ್ಲಿ ನಾವು ಮತ್ತೆ ಮತ್ತೆ ಕಂಡಂತೆಯೇ. ಮಾವನ ರಕ್ತದಲ್ಲಿ ಅದೇ ಜೀನು ನೆಟ್ಟಗಿತ್ತು. ಆ ಒಂದು ಸಾಲನ್ನು ನಾನು ಆಸ್ಪತ್ರೆಯಲ್ಲಿ ಅವನಿಗೆ ಓದಿ ಹೇಳಿದೆ. ಮೂಗಿನಲ್ಲಿ ನಳಿಕೆಯಿತ್ತು, ಮಾತು ಕಷ್ಟ. "ಅಪ್ಪಂದ್ ತಪ್ಪಿಲ್ಲ ಅನ್ನು" ಎಂದ. ಆಮೇಲೆ, "ಮೊಮ್ಮಗಳ್ಗೂ ನಾನ್ ಕೊಟ್ಟಿಲ್ಲ ಅನ್ನು" ಎಂದ. ಅವನನ್ನು ಇಷ್ಟು ದಿನ ತಿನ್ನುತ್ತಿದ್ದುದು ಯಾವುದು ಎಂದು ನನಗೆ ಆಗ ಅರ್ಥವಾಯಿತು.

ಕಳೆದ ವಾರ ಡಾಕ್ಟರು ಮೆತ್ತಗಿನ ಊಟಕ್ಕೆ ಅನುಮತಿ ಕೊಟ್ಟರು. ಗಟ್ಟಿಯಾಗಿ ಏನೂ ಬೇಡ, ಬಿಸಿಯಾಗಿ ಏನೂ ಬೇಡ, ಎಲ್ಲವನ್ನೂ ಚೆನ್ನಾಗಿ ಅಗಿದು ತಿನ್ನಬೇಕು. ಮುಂದೆ ಏನು ಎಂದು ಅವರೂ ಹೇಳುವುದಿಲ್ಲ, ನಾನೂ ಕೇಳಿಲ್ಲ. ಅತ್ತೆ ರಾಗಿಹಿಟ್ಟು ಜರಡಿ ಹಿಡಿದು, ಮೆದುವಾಗಿ ತಿರುವಿ, ಆರಲು ಬಿಟ್ಟಳು. ನಾನು ಕೆರಿಚೊಗೆ ಕರೆ ಮಾಡಿ ಫೋನನ್ನು ಚೊಂಬಿಗೆ ಒರಗಿಸಿ ಇಟ್ಟೆ. ಪರದೆಯಲ್ಲಿ ಚೆಬೆಟ್, ಅವರ ಪಕ್ಕದಲ್ಲಿ ಕೋಗೊ.

ಮಾವ ಫೋನಿನ ಕಡೆ ನೋಡಿ, "ಆ ಅಜ್ಜಿ ಯಾಕ್ ಅಂಗ್ ದುರುಗುಟ್ಕಂಡ್ ನೋಡ್ತದೆ?" ಎಂದ.

"ನಿನ್ನ ಕೈ ನೋಡ್ತಿದಾರೆ ಮಾವ. ನೀರಿನ ಲೋಟ ಮುಟ್ಟಿದರೆ ಬೈತಾರೆ."

ಅವನು ಗೋಲಿಯಷ್ಟು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟ. ಅಗಿದ. ಮುಖ ಕಿವಿಚಿದ. "ಥೂ, ಅಗುದ್ರೆ ಇದೂ ಒಂದ್ ಮುದ್ದೇನಾ?" ಎಂದ. ಆದರೂ ಅಗಿದ. ಅತ್ತೆ ಸೆರಗು ಹಿಡಿದುಕೊ‍ಂಡು ನಿಂತಿದ್ದಳು. ಕೋಣೆಯವರು ಬಾಗಿಲಲ್ಲಿ ನಿಂತಿದ್ದರು. ಮಾವ ಕಣ್ಣು ಮುಚ್ಚಿ ನುಂಗಿದ. ಲೋಟ ಪಕ್ಕದಲ್ಲೇ ಇತ್ತು. ಅವನ ಎರಡು ಕೈಯೂ ತೊಡೆಯ ಮೇಲಿದ್ದವು.

"ಇಳೀತಾ?" ಎಂದು ಕೇಳಿದೆ.

ಅವನು ಬಹಳ ಹೊತ್ತು ಎದೆಯ ಮೇಲೆ ಗಮನವಿಟ್ಟು ಕುಳಿತ. ಆಮೇಲೆ ಕಣ್ಣು ಬಿಟ್ಟು ನನ್ನನ್ನಲ್ಲ, ಫೋನಿನೊಳಗಿನ ಕೋಗೊ ಅವರನ್ನು ನೋಡಿದ.

"ಇಳೀತು ಕಣಜ್ಜಿ" ಎಂದ.

ಚೆಬೆಟ್ ಏನೂ ದಾಟಿಸಬೇಕಾಗಲಿಲ್ಲ. ಕೋಗೊ ಆಗಲೇ ಚಪ್ಪಾಳೆ ತಟ್ಟುತ್ತಿದ್ದರು.